‘ಉದ್ಯಮಸ್ನೇಹಿ’ ಎಂಬ ಮಾತು: ಕೊಪ್ಪಳ ಸೀಮೆಯಿಂದ ಒಂದು ವಿಮರ್ಶೆ

ಸರಕಾರದ ಪ್ರಕಟಣೆಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ‘ಉದ್ಯಮಸ್ನೇಹಿ ರಾಜ್ಯ’ ಎಂಬ ಮಾತು ಈಚೆಗೆ ಬಹಳವಾಗಿ ಬಳಕೆಗೆ ಬಂದಿದೆ. ‘ಪರಿಸರಸ್ನೇಹಿ’, ‘ಜನಸ್ನೇಹಿ’ ಮೊದಲಾದ ಪದಗಳ ಪಂಕ್ತಿಯಲ್ಲಿ ಇದೂ ಬಂದು ಕುಳಿತಿದೆ. ಪದರಚನೆಯ ದೃಷ್ಟಿಯಿಂದ ಇದರಲ್ಲಿ ದೋಷವನ್ನೆಣಿಸುವ ಉದ್ದೇಶ ನಮಗಿಲ್ಲ. ಆದರೆ ಪದವೊಂದು ವಿಚಾರದ ಸ್ಥಾನವನ್ನು ಆಕ್ರಮಿಸಿಕೊಂಡಾಗ ಅದನ್ನು ಬಿಡಿಸಿ ನೋಡಬೇಕಾದುದು ವಿಮರ್ಶಕನ ಕರ್ತವ್ಯವಾಗುತ್ತದೆ. ಸ್ನೇಹವನ್ನು ತೋರುವವರು ಯಾರು, ಅದನ್ನು ಪಡೆಯುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಈ ಪದದಲ್ಲಿ ಉತ್ತರವುಂಟು. ಆ ಸ್ನೇಹದ ವೆಚ್ಚವನ್ನು ಹೊರುವವರು ಯಾರು ಎಂಬ ಮೂರನೆಯ ಪ್ರಶ್ನೆಗೆ ಮಾತ್ರ ಇಲ್ಲ. ಸಂಸ್ಕೃತದಲ್ಲಿ ‘ಸ್ನೇಹ’ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟಷ್ಟೆ. ಯಂತ್ರಗಳ ಪ್ರಸಂಗದಲ್ಲಿ ಆ ಅರ್ಥವೇ ಹೆಚ್ಚು ಹೊಂದುವುದೇನೋ!

ಒಂದು ಉದ್ಯಮವು ಒಂದು ರಾಜ್ಯವನ್ನು ಬಿಟ್ಟು ಮತ್ತೊಂದಕ್ಕೆ ಹೋದರೆ, ಬಿಟ್ಟ ರಾಜ್ಯವು ಸ್ನೇಹಹೀನವಾದುದು, ಹೊಕ್ಕ ರಾಜ್ಯವು ಸ್ನೇಹಯುತವಾದುದು ಎಂದು ತೀರ್ಮಾನಿಸುವುದು ಈಗಿನ ವಾಡಿಕೆ. ಈ ತರ್ಕವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನಿಂತು ನೋಡುವವರಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಆದರೆ ಮೊದಲು ದೂರದ ನಿದರ್ಶನವೊಂದನ್ನು ತೆಗೆದುಕೊಳ್ಳುತ್ತೇವೆ. ಏಕೆಂದರೆ ಈ ತರ್ಕವು ತನ್ನ ನಗ್ನರೂಪದಲ್ಲಿ ಕಾಣುವುದು ಅಲ್ಲಿಯೇ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಂದೂಕು ತಯಾರಕರು ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಈಶಾನ್ಯದ ಹಳೆಯ ರಾಜ್ಯಗಳನ್ನು ಬಿಟ್ಟು ದಕ್ಷಿಣಕ್ಕೂ ಪಶ್ಚಿಮಕ್ಕೂ ಸಾಗುತ್ತಿದ್ದಾರೆ. ೧೮೫೨ರಲ್ಲಿ ಸ್ಥಾಪಿತವಾದ ಸ್ಮಿತ್ ಅಂಡ್ ವೆಸನ್ ಸಂಸ್ಥೆಯು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಿಂದ ತನ್ನ ಮುಖ್ಯಕಚೇರಿಯನ್ನು ಟೆನೆಸೀ ರಾಜ್ಯದ ಮೇರಿವಿಲ್‌ಗೆ ಒಯ್ಯುವುದಾಗಿ ೨೦೨೧ರಲ್ಲಿ ಸಾರಿ, ೨೦೨೩ರಲ್ಲಿ ಅಲ್ಲಿ ನೆಲೆಯಾಯಿತು. ಕೆಲವು ಬಗೆಯ ಬಂದೂಕುಗಳ ತಯಾರಿಕೆಯನ್ನೇ ನಿಷೇಧಿಸುವ ಮಸೂದೆಯೊಂದು ಮ್ಯಾಸಚೂಸೆಟ್ಸ್‌ನಲ್ಲಿ ಮಂಡಿತವಾದುದೇ ಕಾರಣವೆಂದು ಸಂಸ್ಥೆಯವರು ಹೇಳಿದರು. ಆ ಮಸೂದೆಯು ಅಂದು ಕಾಯಿದೆಯಾಗಿರಲಿಲ್ಲ. ಅದಕ್ಕಿಂತ ಗಮನಾರ್ಹವಾದ ಸಂಗತಿಯೆಂದರೆ, ಸಾವಿರಕ್ಕೂ ಮೇಲ್ಪಟ್ಟ ಕೆಲಸಗಳನ್ನು ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಉಳಿಸಿಕೊಳ್ಳುವುದಾಗಿ ಅದೇ ಪ್ರಕಟಣೆ ಹೇಳಿತು. ವಾಸಕ್ಕೆ ಯೋಗ್ಯವಲ್ಲವೆಂದು ಬಿಟ್ಟ ಮನೆಯಲ್ಲಿ ಅರ್ಧ ಸಂಸಾರವನ್ನು ಬಿಟ್ಟುಹೋಗುವುದುಂಟೆ? ಕಮ್ಮಟದ ಕೆಲಸದಲ್ಲಿ ನುರಿತ ಕೈಗಳು ಹಳೆಯ ಊರಿನಲ್ಲಿಯೇ ಇದ್ದುವು ಎಂಬುದನ್ನು ಸಂಸ್ಥೆಯು ಬಲ್ಲದು.

ರೆಮಿಂಗ್ಟನ್ ಸಂಸ್ಥೆಯ ವೃತ್ತಾಂತವು ಇದಕ್ಕಿಂತ ಬೋಧಪ್ರದವಾಗಿದೆ. ರೆಮಿಂಗ್ಟನ್ ಎಂಬ ಹೆಸರನ್ನು ನಮ್ಮ ಕಚೇರಿಗಳ ಗುಮಾಸ್ತರು ಬೆರಳಚ್ಚಿನ ಯಂತ್ರದ ಮೇಲೆ ನೋಡಿ ಬಲ್ಲರು. ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಚಿಕ್ಕ ಊರಿನ ಬಂದೂಕಿನ ಕಾರಖಾನೆಯಲ್ಲಿಯೇ ೧೮೭೦ರ ದಶಕದಲ್ಲಿ ಆ ಯಂತ್ರವೂ ತಯಾರಾಗತೊಡಗಿದುದು. ಸಂಸ್ಥೆಯು ತನ್ನ ಆರಂಭವನ್ನು ೧೮೧೬ರಿಂದ ಎಣಿಸುತ್ತದೆ. ೨೦೧೪ರಲ್ಲಿ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಪಟ್ಟಣವು ಈ ಸಂಸ್ಥೆಯನ್ನು ಆಹ್ವಾನಿಸಿತು. ಎರಡು ಸಾವಿರ ಜನರಿಗೆ ಕೆಲಸ ದೊರೆಯುವುದೆಂದು ಮಾತಾಗಿತ್ತು. ರಾಜ್ಯವೂ ಪಟ್ಟಣವೂ ಧಾರಾಳವಾಗಿ ಕೊಟ್ಟುವು. ಇಲಿಯನ್ನಿನ ಕೆಲವು ಬಗೆಯ ಬಂದೂಕುಗಳ ತಯಾರಿಕೆ ಅಲ್ಲಿಗೆ ಸಾಗಿತು. ಹೇಳಿದ ಸಂಖ್ಯೆಯ ಹತ್ತಿರಕ್ಕೂ ಕೆಲಸಗಾರರು ಸೇರಲಿಲ್ಲ. ಸಂಸ್ಥೆಯು ೨೦೧೮ರಲ್ಲಿ ಒಮ್ಮೆ, ೨೦೨೦ರಲ್ಲಿ ಮತ್ತೊಮ್ಮೆ ದಿವಾಳಿಯ ಅರ್ಜಿ ಹಾಕಿತು, ಬಿಡಿಬಿಡಿಯಾಗಿ ಮಾರಾಟವಾಯಿತು, ಹಂಟ್ಸ್‌ವಿಲ್ಲಿನ ಕಾರಖಾನೆ ಮುಚ್ಚಿತು. ಬಂದೂಕಿನ ಭಾಗವನ್ನು ಕೊಂಡ ಹೊಸ ಒಡೆಯರು ೨೦೨೧ರಲ್ಲಿ ಜಾರ್ಜಿಯಾ ರಾಜ್ಯದ ಲಾಗ್ರೇಂಜ್‌ಗೆ ಹೋಗುವುದಾಗಿ ಪ್ರಕಟಿಸಿದರು. ೨೦೨೪ರ ಮಾರ್ಚಿಯಲ್ಲಿ ಇಲಿಯನ್ನಿನ ಬಾಗಿಲು ಮುಚ್ಚಿತು. ಹಳೆಯ ಕಟ್ಟಡಗಳ ದುರಸ್ತಿಯ ಹಾಗೂ ವಿಮೆಯ ವೆಚ್ಚ, ಅವುಗಳಲ್ಲಿ ಕೆಲಸ ಸುಸೂತ್ರವಾಗಿ ಸಾಗದಿರುವುದು, ಜೊತೆಗೆ ಜಾರ್ಜಿಯಾದಲ್ಲಿ ಬಂದೂಕಿನ ಉದ್ಯಮಕ್ಕೆ ದೊರೆಯುವ ಆದರ, ಇವು ಸಂಸ್ಥೆಯೇ ಕೊಟ್ಟ ಕಾರಣಗಳು.

ಇಲ್ಲಿ ಕಾನೂನು ಕಾರಣವೇ ಅಲ್ಲವೆಂದು ನಾವು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದಿಂದ ವೈಯೋಮಿಂಗ್‌ಗೆ ಹೋದ ವೆದರ್‌ಬಿ, ಮೇರಿಲೆಂಡಿನಿಂದ ಟೆನೆಸೀಗೆ ಹೋದ ಬೆರೆಟ್ಟಾ ಮೊದಲಾದವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹೋಗುವವನು ಹೇಳುವ ಕಾರಣವನ್ನೇ ಏಕೈಕ ಕಾರಣವೆಂದು ಸ್ವೀಕರಿಸುವುದು ಶಾಸ್ತ್ರೀಯ ಪದ್ಧತಿಯಲ್ಲ. ಬೆರೆಟ್ಟಾ ಮನೆತನವು ೧೫೨೬ರಿಂದ, ಅಂದರೆ ಐದು ನೂರು ವರ್ಷಗಳಿಂದ, ಇಟಲಿಯ ಬ್ರೆಶಾ ಪ್ರಾಂತದ ಗಾರ್ದೊನೆ ಎಂಬ ಕಣಿವೆಯ ಊರಿನಲ್ಲಿ ನಳಿಗೆಗಳನ್ನು ಮಾಡುತ್ತ ಬಂದಿದೆ. ವೆನಿಸ್ಸಿನ ಗಣರಾಜ್ಯ ಅಳಿಯಿತು, ನೆಪೋಲಿಯನ್ ಬಂದು ಹೋದನು, ಆಸ್ಟ್ರಿಯದವರು ಆಳಿದರು, ಇಟಲಿ ಒಂದಾಯಿತು. ಮನೆತನವು ಆ ಊರನ್ನು ಬಿಡಲಿಲ್ಲ. ಅಮೆರಿಕದಲ್ಲಿ ಒಂದು ಕಾಯಿದೆಗೆ ಗಂಟುಮೂಟೆ ಕಟ್ಟಿದ ಸಂಸ್ಥೆಯೇ ಇದು. ಹಾಗಾದರೆ ಉದ್ಯಮವನ್ನು ಒಂದೆಡೆ ಹಿಡಿದು ನಿಲ್ಲಿಸುವುದು ರಾಜ್ಯದ ಸ್ನೇಹವೊಂದೇ ಅಲ್ಲ. ಆ ಕಣಿವೆಯ ಕಬ್ಬಿಣ, ಹರಿಯುವ ನೀರು, ತಲೆತಲಾಂತರದಿಂದ ಬಂದ ಕೈಚಳಕ, ಇವೂ ಹಿಡಿದು ನಿಲ್ಲಿಸುತ್ತವೆ. ಇವನ್ನು ಯಾವ ಸರಕಾರವೂ ಆದೇಶದ ಮೂಲಕ ದಾನಮಾಡಲಾರದು.

ಇನ್ನು ನಮ್ಮ ದೇಶಕ್ಕೆ ಬರೋಣ. ಬಂದೂಕುಗಳ ತಯಾರಿಕೆಯು ೧೯೫೯ರ ಆಯುಧಗಳ ಕಾಯಿದೆಗೂ ಕೇಂದ್ರ ಸರಕಾರದ ಪರವಾನಗಿಗೂ ಒಳಪಟ್ಟಿರುವುದರಿಂದ, ಒಂದು ರಾಜ್ಯದ ಬಂದೂಕು ಕಾನೂನಿಗೆ ಹೆದರಿ ಮತ್ತೊಂದಕ್ಕೆ ಓಡುವ ಪ್ರಸಂಗವು ಇಲ್ಲಿ ಒದಗುವುದಿಲ್ಲ. ಇಲ್ಲಿ ರಾಜ್ಯಗಳು ಪೈಪೋಟಿಗೆ ಒಡ್ಡುವ ಪಣವೇ ಬೇರೆ, ಅದು ಭೂಮಿ. ೨೦೨೫ರ ಜುಲೈ ೧೫ರಂದು ಕರ್ನಾಟಕದ ಮುಖ್ಯಮಂತ್ರಿಗಳು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರಕ್ಷಣಾ ಹಾಗೂ ವಿಮಾನ ಕೈಗಾರಿಕೆಗಳಿಗೆಂದು ಗೊತ್ತುಮಾಡಿದ್ದ ೧,೭೭೭ ಎಕರೆಯ ಸ್ವಾಧೀನವನ್ನು ಕೈಬಿಟ್ಟರು. ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತಿದ್ದ ಒಕ್ಕಲಿಗರಿಗೆ ಅದು ಜಯವಾಯಿತು. ಇತ್ತ ಈ ಸುದ್ದಿ ಹೊರಬೀಳುತ್ತಲೇ ಅತ್ತ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶರು, ಬೆಂಗಳೂರಿಗೆ ಸಮೀಪದಲ್ಲಿಯೇ ತಮ್ಮಲ್ಲಿ ಎಂಟು ಸಾವಿರ ಎಕರೆಗೂ ಹೆಚ್ಚು ಭೂಮಿ ಸಿದ್ಧವಿದೆಯೆಂದು ಆ ಉದ್ಯಮಿಗಳನ್ನು ಬಹಿರಂಗವಾಗಿ ಕರೆದರು. ಆ ಬಳಿಕ ನಡೆದ ಚರ್ಚೆಯಲ್ಲಿ ಯಾವ ರಾಜ್ಯವು ಹೆಚ್ಚು ಉದ್ಯಮಸ್ನೇಹಿ ಎಂಬ ಮಾತೇ ಮಾತಾಯಿತು. ಹದಿಮೂರು ಹಳ್ಳಿಗಳು ಮೂರು ವರ್ಷ ಏಕೆ ಬಿಸಿಲಲ್ಲಿ ಕುಳಿತಿದ್ದುವು ಎಂಬುದು ಹಿಂದಕ್ಕೆ ಸರಿಯಿತು. ಪದದ ಬಲವೆಂದರೆ ಇದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೆ ಅನ್ಯಾಯವಾಗದಂತೆ ಅದರ ಅತ್ಯುತ್ತಮ ನಿದರ್ಶನವನ್ನು ನಾವೇ ಎತ್ತಿ ಹೇಳಬೇಕು. ಅದು ನಮ್ಮ ನಾಡಿನದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳವರೆಗೆ ಬೆಳೆದರು. ಹೊಸ ಬಡಾವಣೆಯ ಸಲುವಾಗಿ ಅವರ ಕಾರಖಾನೆಯ ಜಾಗ ಹೋಯಿತು. ಆಗ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ೩೨ ಎಕರೆ ಬರಡು ನೆಲವನ್ನು ಕೊಟ್ಟು ಸಾಲವನ್ನೂ ಒದಗಿಸಿದರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪಾಪಾಸುಕಳ್ಳಿ ತುಂಬಿದ್ದ ಆ ನೆಲದಲ್ಲಿ ಯಾವ ಒಕ್ಕಲಿಗನ ಬದುಕೂ ಕದಲಲಿಲ್ಲ. ಬೆಳಗಾವಿಯ ಸಂಗಡಿಗರು ಯಜಮಾನರೊಡನೆಯೇ ಹೋದರು. ಊರು ಕಾರಖಾನೆಯೊಂದಿಗೇ ಬೆಳೆಯಿತು. ೧೯೪೮ರಲ್ಲಿ ಔಂಧ ಸಂಸ್ಥಾನವೇ ವಿಲೀನವಾಗಿ ಭೂಪಟದಿಂದ ಮರೆಯಾಯಿತು. ಸ್ನೇಹಿತನು ಹೋದರೂ ಕಾರಖಾನೆ ಉಳಿಯಿತು.

ಅದೇ ಮನೆತನದವರು ೧೯೪೧ರಲ್ಲಿ, ಯುದ್ಧಕಾಲದಲ್ಲಿ, ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯನ್ನು ಸ್ಥಾಪಿಸಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿದರು. ಉದ್ಯಮಗಳಿಗೆ ಆಶ್ರಯ ಕೊಡುವುದರಲ್ಲಿ ಮೈಸೂರಿಗೆ ಸಮನಾದ ದೇಶೀಯ ಸಂಸ್ಥಾನ ಅಂದು ಅಪರೂಪ. ಹರಿಹರವು ಎರಡು ತಲೆಮಾರು ಆ ಕಾರಖಾನೆಯ ಸಿಳ್ಳಿಗೆ ಎದ್ದು ಮಲಗಿತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ಇಲ್ಲಿ ರಾಜ್ಯ ಉಳಿಯಿತು, ಕಾರಖಾನೆ ಹೋಯಿತು. ಕುಂಡಲ್ ಮತ್ತು ಹರಿಹರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಬರಮಾಡಿಕೊಂಡ ದಿನದ ಔದಾರ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದುದರಿಂದ ಬರಮಾಡಿಕೊಳ್ಳುವ ದಿನದ ಔದಾರ್ಯವು ಅಳತೆಗೋಲಾಗಲಾರದು. ಉದ್ಯಮವು ಹೊರಟುಹೋಗುವ ದಿನ ಊರಿನ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದೇ ನಮಗೆ ಸರಿಯಾದ ಅಳತೆಯಾಗಿ ತೋರುತ್ತದೆ. ಹಂಟ್ಸ್‌ವಿಲ್ ಪಟ್ಟಣವು ತಾನು ಕೊಟ್ಟ ಹಣಕ್ಕೆ ಕಾರಖಾನೆಯ ಕಟ್ಟಡವನ್ನು ಅಡವಿಗೆ ಬರೆಯಿಸಿಕೊಂಡಿದ್ದಿತು. ಆ ಒಂದು ಕಾಗದದ ಬಲದಿಂದ ದಿವಾಳಿಯ ಕಾಲದಲ್ಲಿ ಅದರ ಪಾಲು ಅದಕ್ಕೆ ಹಿಂದಿರುಗಿತು. ಸ್ನೇಹದಲ್ಲಿ ಲೆಕ್ಕ ಬೇಡವೆನ್ನುವವರು ಇದನ್ನು ಗಮನಿಸಬೇಕು.

ಈ ಅಳತೆಯನ್ನು ಹಿಡಿದು ಕೊಪ್ಪಳಕ್ಕೆ ಬರುತ್ತೇವೆ. ನಿಜಾಮರ ರಾಜ್ಯದಲ್ಲಿ ಕೊಪ್ಪಳವು ಸಾಲಾರ್ ಜಂಗರ ಜಹಗೀರಾಗಿದ್ದಿತು. ೧೯೫೬ರಲ್ಲಿ ಈ ಸೀಮೆ ರಾಯಚೂರು ಜಿಲ್ಲೆಯ ಭಾಗವಾಗಿ ವಿಶಾಲ ಮೈಸೂರಿಗೆ ಸೇರಿತು. ೧೯೯೭ರಲ್ಲಿ ಬೇರೆ ಜಿಲ್ಲೆಯಾಯಿತು. ಹೊಸಪೇಟೆಗೆ ಹೋಗುವ ದಾರಿಯಲ್ಲಿ ಗಿಣಿಗೇರಾ, ಬೇವಿನಹಳ್ಳಿಗಳ ಬಳಿ ಕಾಣುವ ಚಿಮಣಿಗಳು ೧೯೯೦ರ ದಶಕದಿಂದ ಈಚೆಗೆ ಎದ್ದವು. ಗಿಣಿಗೇರಾದಲ್ಲಿ ಕಲ್ಯಾಣಿ ಮತ್ತು ಮುಕಂದ್ ಸಂಸ್ಥೆಗಳು ಸೇರಿ ನಡೆಸುವ ಉಕ್ಕಿನ ಕಾರಖಾನೆ, ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್. ಬೆಳಗಾವಿಯನ್ನು ಬಿಟ್ಟ ಮನೆತನದ ಹೆಸರು ಹೀಗೆ ಎಂಬತ್ತು ವರ್ಷಗಳ ತರುವಾಯ ಮತ್ತೆ ಉತ್ತರ ಕರ್ನಾಟಕದ ನೆಲಕ್ಕೆ ಬಂದಿತು. ಕಲ್ಯಾಣಿ ಸಮೂಹದ್ದೇ ಆದ ಪುಣೆಯ ಭಾರತ್ ಫೋರ್ಜ್ ಸಂಸ್ಥೆ ಇಂದು ಭೂಸೇನೆಗೆ ತೋಪುಗಳನ್ನು ತಯಾರಿಸುತ್ತಿದೆ. ಇವರೆಲ್ಲ ಇಲ್ಲಿಗೆ ಬಂದುದು ಸಂಡೂರು–ಹೊಸಪೇಟೆಯ ಅದಿರು, ತುಂಗಭದ್ರೆಯ ನೀರು, ರೈಲುಮಾರ್ಗ ಇವುಗಳ ಆಕರ್ಷಣೆಯಿಂದ ಎಂಬುದರಲ್ಲಿ ಸಂದೇಹವಿಲ್ಲ. ಸರಕಾರದ ಸ್ನೇಹ ಅನಂತರದ್ದು. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳ ವಿಷಯದಲ್ಲಿಯೂ ಇದೇ ಮಾತು. ೧೯೫೩ರಲ್ಲಿ ಅಣೆಕಟ್ಟು ಮುಗಿದು ಎಡದಂಡೆಯ ನಾಲೆಯಲ್ಲಿ ನೀರು ಹರಿದುದರಿಂದ ಭತ್ತ ಬಂದಿತು, ಭತ್ತದ ಹಿಂದೆ ಗಿರಣಿ ಬಂದಿತು. ಆ ಗಿರಣಿಗಳನ್ನು ಯಾರೂ ಬೇರೆ ರಾಜ್ಯಕ್ಕೆ ಕರೆದೊಯ್ಯಲಾರರು. ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ೧೯ನೆಯ ತೂಬುಬಾಗಿಲು ಕೊಚ್ಚಿಹೋದಾಗ ಈ ಭಾಗದ ಗಿರಣಿಯವನೂ ಒಕ್ಕಲಿಗನೂ ಒಂದೇ ಸಮನೆ ತಲ್ಲಣಿಸಿದುದು ಸಹಜವೇ.

ಇದಕ್ಕಿಂತ ಬೇರೆ ಜಾತಿಯದು ಭಾನಾಪುರದ ಆಟಿಕೆಗಳ ಕೈಗಾರಿಕಾ ಸಮೂಹ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಈ ಊರಿನಲ್ಲಿ ಅದಿರಿಲ್ಲ, ನದಿಯಿಲ್ಲ. ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಬೆಳಗಾವಿಯ ಏಕಸ್ ಸಂಸ್ಥೆಯು ಇಲ್ಲಿ ೪೦೦ ಎಕರೆಯಲ್ಲಿ ಆಟಿಕೆಗಳ ಕಾರಖಾನೆಗಳನ್ನು ನೆಲೆಗೊಳಿಸುವುದೆಂದೂ, ೫,೦೦೦ ಕೋಟಿ ರೂಪಾಯಿ ಬಂಡವಾಳ ಬರುವುದೆಂದೂ, ೪೦,೦೦೦ ಜನರಿಗೆ ಉದ್ಯೋಗ ದೊರೆಯುವುದೆಂದೂ ೨೦೨೦ರ ಆಗಸ್ಟಿನಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಪ್ರಕಟಿಸಿದರು, ೨೦೨೧ರ ಜನವರಿ ೯ರಂದು ಶಂಕುಸ್ಥಾಪನೆ ಮಾಡಿದರು. ಚೀನದಿಂದ ಹೊರಡುವ ಉದ್ಯಮವನ್ನು ಇತ್ತ ಎಳೆದುಕೊಳ್ಳುವುದೇ ಇದರ ಹಿಂದಿನ ವಿಚಾರ. ಕೇಂದ್ರ ಸರಕಾರವು ಆಮದು ಆಟಿಕೆಗಳ ಮೇಲಿನ ಸುಂಕವನ್ನು ೨೦೨೦ರಲ್ಲಿ ಶೇಕಡ ೨೦ರಿಂದ ೬೦ಕ್ಕೆ, ೨೦೨೩ರಲ್ಲಿ ೭೦ಕ್ಕೆ ಏರಿಸಿತು. ಸುಂಕದ ಗೋಡೆ, ತೆರಿಗೆಯ ವಿನಾಯಿತಿ, ಅಗ್ಗದ ಕೂಲಿ ಇವುಗಳ ಮೇಲೆ ನಿಂತ ಉದ್ಯಮವು ಇನ್ನೊಂದೆಡೆ ಇವೇ ಇನ್ನೂ ಸುಲಭವಾಗಿ ದೊರೆತರೆ ಎದ್ದುಹೋಗಬಲ್ಲದು. ಅಚ್ಚುಗಳನ್ನು ಹಡಗಿಗೇರಿಸಿದರೆ ಆಯಿತು. ಇದು ಆ ಸಂಸ್ಥೆಯ ಮೇಲಿನ ಆಕ್ಷೇಪವಲ್ಲ; ಅಂಥ ಉದ್ಯಮದ ಸ್ವಭಾವವೇ ಅದು. ಆಕ್ಷೇಪವಿರುವುದು ಪ್ರಕಟಣೆಯ ಸಂಖ್ಯೆಯನ್ನು ಹಾಜರಿಪಟ್ಟಿಯ ಸಂಖ್ಯೆಯೆಂಬಂತೆ ಓದುವ ನಮ್ಮ ಪದ್ಧತಿಯ ಮೇಲೆ. ೪೦,೦೦೦ ಎಂಬುದು ಭವಿಷ್ಯತ್ಕಾಲದ ಕ್ರಿಯಾಪದಕ್ಕೆ ಸೇರಿದ ಅಂಕೆ. ಅದನ್ನು ವರ್ತಮಾನದಲ್ಲಿ ಬಳಸಿದವರು ವ್ಯಾಕರಣದಲ್ಲಿಯೇ ತಪ್ಪಿದ್ದಾರೆ.

ಕೊಪ್ಪಳದಿಂದ ಅನತಿದೂರದಲ್ಲಿ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಬೆಸೆದು, ಬಣ್ಣ ಬರೆದು ಗೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡುತ್ತ ಬಂದಿದ್ದಾರೆ. ತಮ್ಮ ಹಿರಿಯರು ವಿಜಯನಗರದ ಕಾಲದವರೆಂಬ ಪ್ರತೀತಿ ಅವರಲ್ಲಿದೆ. ಅರಸರು ಹೋದರು, ನವಾಬರು ಹೋದರು, ಸಾಲಗಾರರು ಬಂದರು. ಕುಶಲತೆ ಊರು ಬಿಡಲಿಲ್ಲ. ಗಾರ್ದೊನೆಯ ನಳಿಗೆಯವರಿಗೂ ಕಿನ್ನಾಳದ ಗೊಂಬೆಯವರಿಗೂ ಇಷ್ಟರಮಟ್ಟಿಗೆ ಸಾಮ್ಯವುಂಟು. ಒಂದೆಡೆ ಅದು ಜಗದ್ವ್ಯಾಪಾರವಾಯಿತು, ಇನ್ನೊಂದೆಡೆ ಬೆರಳೆಣಿಕೆಯ ಮನೆಗಳ ಬಡತನವಾಯಿತು ಎಂಬ ಭೇದವನ್ನು ಮರೆಯುವಂತಿಲ್ಲ. ಒಂದೇ ಜಿಲ್ಲೆಯಲ್ಲಿ ಆಟಿಕೆಯ ಎರಡು ಉದ್ಯಮಗಳಿದ್ದು, ಬಂದ ಉದ್ಯಮಕ್ಕೆ ನೀತಿಯೂ, ಬಿಡದೆ ನಿಂತ ಉದ್ಯಮಕ್ಕೆ ಪ್ರದರ್ಶನದ ಮಳಿಗೆಯೂ ದೊರೆತುದು ಚಿಂತನೀಯ. ಸ್ಥಳ ಬಿಡುವೆನೆಂದು ಬೆದರಿಸಲಾರದವನಿಗೆ ಸ್ನೇಹದಲ್ಲಿ ಪಾಲಿಲ್ಲವೆಂದೇ ಇದರ ಅರ್ಥವಾಗುತ್ತದೆ.

ಈ ಪದದ ಮರೆಯಲ್ಲಿದ್ದ ಮೂರನೆಯ ಪ್ರಶ್ನೆ ಕೊಪ್ಪಳದಲ್ಲಿ ಬೀದಿಗೆ ಬಂದುದು ೨೦೨೫ರಲ್ಲಿ. ಆ ವರ್ಷದ ಫೆಬ್ರವರಿ ೧೧ರಿಂದ ೧೪ರವರೆಗೆ ಬೆಂಗಳೂರಿನಲ್ಲಿ ಬಂಡವಾಳ ಹೂಡುವವರ ಸಮಾವೇಶ ನಡೆದು, ಕೊಪ್ಪಳ ಪಟ್ಟಣದ ಅಂಚಿನಲ್ಲಿಯೇ ಬಲ್ಡೋಟಾ ಸಮೂಹದ ೫೪,೦೦೦ ಕೋಟಿ ರೂಪಾಯಿಗಳ ಉಕ್ಕಿನ ಕಾರಖಾನೆಯ ಯೋಜನೆ ಪ್ರಕಟವಾಯಿತು. ಎರಡು ವಾರಗಳೊಳಗೆ, ಫೆಬ್ರವರಿ ೨೪ರಂದು, ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳೇ ಮುಂದೆ ನಿಂತರು. ಇರುವ ಕಾರಖಾನೆಗಳ ಧೂಳನ್ನೇ ಉಸಿರಾಡುತ್ತಿದ್ದೇವೆ, ಇನ್ನೊಂದು ಬೇಡ ಎಂಬುದು ಜನರ ಮಾತು. ಮಾರ್ಚಿಯಲ್ಲಿ ಮುಖ್ಯಮಂತ್ರಿಗಳು ಕಾಮಗಾರಿಯನ್ನು ನಿಲ್ಲಿಸುವಂತೆ ಸೂಚಿಸಿದರು. ಇದನ್ನು ಉದ್ಯಮದ್ವೇಷವೆಂದು ಬರೆದವರುಂಟು. ನಮಗೆ ಹಾಗೆ ತೋರುವುದಿಲ್ಲ. ಮೂವತ್ತು ವರ್ಷ ಉದ್ಯಮಕ್ಕೆ ನೆಲ, ನೀರು, ಗಾಳಿ ಮೂರನ್ನೂ ಕೊಟ್ಟ ಊರು ತನ್ನ ಸ್ನೇಹದ ಲೆಕ್ಕವನ್ನು ಮೊದಲ ಬಾರಿಗೆ ಓದಿ ಹೇಳಿತು, ಅಷ್ಟೆ.

ಆದರೂ ಆ ಹೋರಾಟದ ಪರವಾಗಿರುವವರಿಗೂ ಒಂದು ಕಠಿಣವಾದ ಮಾತನ್ನು ಹೇಳದೆ ವಿಧಿಯಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾಗಳೆರಡೂ ಸೇರಿವೆ. ಕುಷ್ಟಗಿಯ ಮಸಾರಿ ನೆಲ ಮಳೆ ತಪ್ಪಿದ ವರ್ಷ ಬಿತ್ತಿದ ಸಜ್ಜೆಯನ್ನೂ ಹಿಂದಕ್ಕೆ ಕೊಡುವುದಿಲ್ಲ. ಸುಗ್ಗಿ ಮುಗಿಯುತ್ತಲೇ ಅಲ್ಲಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ ಜನ ಗುಳೆ ಹೊರಡುತ್ತಾರೆ. ಮನೆಯಲ್ಲಿ ಮುದುಕರೂ ಬೀಗವೂ ಉಳಿಯುತ್ತವೆ. ಇವರಿಗೆ ಭಾನಾಪುರದ ಅಚ್ಚಿನ ಯಂತ್ರದ ಮುಂದಿನ ತಿಂಗಳ ಸಂಬಳ ಅಲ್ಪವಾದುದಲ್ಲ. ಊರಿನಿಂದಲೇ ಹೋಗಿಬರುವ ಹೆಣ್ಣುಮಗಳೊಬ್ಬಳಿಗೆ ಅದು ಗುಳೆ ತಪ್ಪಿಸಿದ ದಿನಗಳ ಲೆಕ್ಕ. ಉದ್ಯಮವೇ ಬೇಡವೆನ್ನುವವರು ಈ ಬಾಗಿಲುಗಳ ಬೀಗಕ್ಕೆ ಉತ್ತರ ಹೇಳಬೇಕಾಗುತ್ತದೆ.

ಬಂಡವಾಳವು ಸ್ಥಳ ಬದಲಿಸಿದರೆ ಅದಕ್ಕೆ ‘ಹೂಡಿಕೆ’ಯೆಂದು ಹೆಸರು, ಮಂತ್ರಿಗಳು ನಿಲ್ದಾಣಕ್ಕೆ ಬಂದು ಎದುರುಗೊಳ್ಳುತ್ತಾರೆ. ಕೂಲಿಕಾರನು ಸ್ಥಳ ಬದಲಿಸಿದರೆ ಅದು ಗುಳೆ. ಕುಷ್ಟಗಿಯ ಬಸ್‌ನಿಲ್ದಾಣದಲ್ಲಿ ರಾತ್ರಿ ಗಂಟಿನ ಮೇಲೆ ಕುಳಿತವನನ್ನು ಯಾವ ರಾಜ್ಯವೂ ಎದುರುಗೊಂಡುದಿಲ್ಲ. ಎರಡೂ ಒಂದೇ ಕಾರಣದಿಂದ, ಎಲ್ಲಿ ಹೆಚ್ಚು ದೊರೆಯುವುದೋ ಅಲ್ಲಿಗೆ, ಸಾಗುವ ಚಲನೆಗಳು. ಒಂದಕ್ಕೆ ರಾಜ್ಯವು ಸ್ನೇಹಿ. ಇನ್ನೊಂದಕ್ಕೆ ಯಾವ ವಿಶೇಷಣವನ್ನೂ ಇನ್ನೂ ಟಂಕಿಸಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಈ ನಾಲ್ಕು ತಾಲ್ಲೂಕುಗಳಿಂದ ಬಂದವರು ಅನೇಕರಿದ್ದಾರೆ. ಅವರು ಕೈಗೊಳ್ಳಬಹುದಾದ ಕೆಲಸ ಇಲ್ಲಿ ಕಾದಿದೆ. ಗಿಣಿಗೇರಾ, ಬೇವಿನಹಳ್ಳಿ, ಭಾನಾಪುರಗಳಲ್ಲಿ ಭೂಮಿ ಕೊಟ್ಟ ಮನೆಗಳು ಯಾವುವು, ಕೊಟ್ಟ ಬೆಲೆಯೇನು, ಆ ಮನೆಗಳ ಎಷ್ಟು ಮಂದಿ ಕಾಯಂ ಕೆಲಸದಲ್ಲಿದ್ದಾರೆ, ಎಷ್ಟು ಮಂದಿ ಗುತ್ತಿಗೆಯ ಮೇಲಿದ್ದಾರೆ, ಕಲಿತ ಕಸಬು ಕಾರಖಾನೆಯ ಹೊರಗೆಯೂ ಅನ್ನ ಕೊಡುವಂಥದೇ ಎಂಬುದನ್ನು ಮನೆಯಿಂದ ಮನೆಗೆ ಹೋಗಿ ಬರೆದುಕೊಳ್ಳಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿಯ ಕರಾರುಪತ್ರಗಳನ್ನೂ ತೆಗೆಯಿಸಿ ಓದಬೇಕು. ಅವುಗಳಲ್ಲಿ ಉದ್ಯಮವು ಇಷ್ಟು ಅವಧಿಯೊಳಗೆ ಆರಂಭವಾಗತಕ್ಕದ್ದು ಎಂಬ ಷರತ್ತನ್ನು ಹುಡುಕುವುದು ಸುಲಭ. ಮುಚ್ಚುವ ದಿನ ನೆಲವು ಯಾರಿಗೆ, ಯಾವ ಬೆಲೆಗೆ ಹಿಂದಿರುಗತಕ್ಕದ್ದು ಎಂಬ ಸಾಲು ಎಲ್ಲಿಯಾದರೂ ಇದೆಯೇ ಎಂದು ಹುಡುಕಿದವರು ಅದನ್ನು ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಕೋರುತ್ತ, ಕರಾರಿನ ಅಸಲು ಪಾಠವನ್ನೂ ಜೊತೆಗೆ ಲಗತ್ತಿಸಲು ಮರೆಯಬಾರದೆಂದು ಸೂಚಿಸುತ್ತೇವೆ.